ಒಂದು ಹಳ್ಳಿಯ ರಕ್ತದೊತ್ತಡ

ಬಾಯಾರಿದವನು ಬಾವಿಯ ಬಳಿಗೆ ಹೋಗುತ್ತಾನೆಯೇ ಹೊರತು ಬಾವಿಯು ಬಾಯಾರಿದವನ ಬಳಿಗೆ ಬರುವುದಿಲ್ಲ. ವೈದ್ಯನಿಗೂ ರೋಗಿಗೂ ಇರುವ ಸಂಬಂಧ ಬಹುಕಾಲದಿಂದ ಹೀಗೆಯೇ ನಡೆದುಬಂದಿದೆ. ಜ್ವರ ಬಂದವನು, ಹೊಟ್ಟೆನೋವಿನಿಂದ ಬಳಲುವವನು, ಬಿದ್ದು ಕೈ ಮುರಿದುಕೊಂಡವನು ವೈದ್ಯನನ್ನು ಅರಸಿಕೊಂಡು ಹೋಗುತ್ತಾನೆ. ವೈದ್ಯನು ಪರೀಕ್ಷಿಸಿ ಔಷಧ ಕೊಡುತ್ತಾನೆ. ಆದರೆ ಬಾಯಾರಿಕೆಯೇ ತೋರದಂತೆ ದೇಹವನ್ನು ಒಣಗಿಸುವ ರೋಗವೊಂದಿದ್ದರೆ? ನೋವಿಲ್ಲ, ಜ್ವರವಿಲ್ಲ, ಉಣ್ಣುವುದಕ್ಕೂ ದುಡಿಯುವುದಕ್ಕೂ ಅಡ್ಡಿಯಿಲ್ಲ. ಹಲವು ವರ್ಷ ಒಳಗೊಳಗೇ ರಕ್ತನಾಳಗಳನ್ನು ಕೆಡಿಸಿ, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಎರಗುತ್ತದೆ. ಅಧಿಕ ರಕ್ತದೊತ್ತಡ ಇಂಥ ವ್ಯಾಧಿ. ಅದು ಉಳ್ಳವನಿಗೆ ವೈದ್ಯನ ಬಾಗಿಲು ತಟ್ಟಲು ಕಾರಣವೇ ಕಾಣುವುದಿಲ್ಲ.

ಹಾಗಾದರೆ ವೈದ್ಯನೇ ಅವನನ್ನು ಹುಡುಕಿಕೊಂಡು ಹೋಗಬೇಕೆ? ಆರೋಗ್ಯವಾಗಿದ್ದೇವೆಂದು ನಂಬಿರುವ ಜನರನ್ನೆಲ್ಲ ಪರೀಕ್ಷಿಸಿ, ಅವರಲ್ಲಿ ಅಡಗಿರುವ ರೋಗವನ್ನು ಮುಂಚಿತವಾಗಿ ಹೊರಗೆಡಹುವ ಕೆಲಸಕ್ಕೆ ಸ್ಕ್ರೀನಿಂಗ್ ಎಂದು ಹೆಸರು. ನಾವು ಇದನ್ನು ಜರಡಿ ತಪಾಸಣೆ ಎಂದು ಕರೆಯಬಹುದು. ಜರಡಿಯ ಗುಣದೋಷಗಳು ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕಣ್ಣು ದೊಡ್ಡದಾದರೆ ಹಿಟ್ಟಿನೊಡನೆ ಹೊಟ್ಟೂ ಇಳಿಯುತ್ತದೆ. ತೀರ ಕಿರಿದಾದರೆ ಒಳ್ಳೆಯ ಹಿಟ್ಟೂ ಮೇಲೆಯೇ ನಿಂತುಬಿಡುತ್ತದೆ. ಮನುಷ್ಯರನ್ನು ಜರಡಿ ಹಿಡಿಯುವಾಗ ಈ ಎರಡು ತಪ್ಪುಗಳಿಗೂ ಬೆಲೆ ತೆರುವವರು ಮನುಷ್ಯರೇ. ಈ ಬೆಲೆಯನ್ನು ಲೆಕ್ಕ ಹಾಕುವ ಕೆಲಸ ಬಹುಮಟ್ಟಿಗೆ ನಡೆದುದು ದೊಡ್ಡ ಆಸ್ಪತ್ರೆಗಳಲ್ಲಲ್ಲ, ಕೆಮ್ಮು ನೆಗಡಿಗಳಿಗೆ ಔಷಧ ಕೊಡುವ ಸಾಮಾನ್ಯ ವೈದ್ಯರ ಕೊಠಡಿಗಳಲ್ಲಿ ಎಂಬುದು ಈ ಕಥೆಯ ವಿಶೇಷ.

ಪಾದರಸದ ಕಂಬ

ರಕ್ತದ ಒತ್ತಡವನ್ನು ಅಳೆದು ಮೊದಲು ಪ್ರಕಟಿಸಿದವನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ. ನೆಲಕ್ಕೆ ಕೆಡವಿ ಕಟ್ಟಿದ ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದವಾದ ಗಾಜಿನ ನಳಿಗೆಯನ್ನು ಜೋಡಿಸಿದಾಗ, ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತೆಂದು ಅವನು 1733ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದನು. ಪಾದರಸದ ಸಾಂದ್ರತೆ ನೀರಿನದಕ್ಕಿಂತ 13.6 ಪಟ್ಟು ಹೆಚ್ಚು. ರಕ್ತದ್ದು ನೀರಿಗಿಂತ ತುಸುವೇ ಹೆಚ್ಚು. ಲೆಕ್ಕ ಮಾಡಿದರೆ ಹೇಲ್ಸ್ ಕಂಡ ಒತ್ತಡ ಪಾದರಸದ ಸುಮಾರು 196 ಮಿಲಿಮೀಟರಿಗೆ ಸಮನಾಗುತ್ತದೆ. ಕುದುರೆಗೆ ಇದು ಬಹಳ ಹೆಚ್ಚು. ಕಟ್ಟಿ ಕೆಡವಿದ, ನೋವಿನಿಂದಲೂ ಭಯದಿಂದಲೂ ನಡುಗುವ ಪ್ರಾಣಿಯ ರಕ್ತ ಬೇರೆ ಎಷ್ಟು ಎತ್ತರಕ್ಕೆ ಏರೀತು? ರಕ್ತದೊತ್ತಡದ ಪ್ರಥಮ ಅಳತೆಯೇ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಅಳೆಯುವ ಸನ್ನಿವೇಶವು ಅಳತೆಯೊಳಗೆ ಬಂದು ಸೇರಿಕೊಳ್ಳುತ್ತದೆ.

ನಾಳವನ್ನು ಕೊಯ್ಯದೆ, ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿ ಒತ್ತಡವನ್ನು ತಿಳಿಯುವ ಉಪಾಯವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ಪ್ರಕಟಿಸಿದನು. ಪಟ್ಟಿಯ ಕೆಳಗೆ ಸ್ಟೆತಸ್ಕೋಪನ್ನಿಟ್ಟು, ನಾಡಿಯ ಸದ್ದು ಹುಟ್ಟುವ ಮತ್ತು ಅಡಗುವ ಘಟ್ಟಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟನು. ಹೃದಯ ಸಂಕುಚಿಸಿದಾಗಿನ ಒತ್ತಡ ಮೇಲಿನ ಅಂಕೆ. ವಿಕಸಿಸಿದಾಗಿನ ಒತ್ತಡ ಕೆಳಗಿನ ಅಂಕೆ. ಪಾದರಸದ ಉಪಕರಣ ಈಗ ಮರೆಯಾಗುತ್ತಿದ್ದರೂ ಮಾನ ಮಾತ್ರ ಪಾದರಸದ ಮಿಲಿಮೀಟರಾಗಿಯೇ ಉಳಿದಿದೆ.

ಒಂದೇ ಸಲ ತೆಗೆದ ಅಳತೆಯನ್ನು ನೆಚ್ಚಬೇಡಿ ಎಂಬುದು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವ ಮೊದಲನೆಯ ಪಾಠ. ಅದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಪಟ್ಟಿ ಸುತ್ತಿದ ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರು ಕೆಳಗಿದ್ದರೆ, ಅಷ್ಟು ಎತ್ತರದ ರಕ್ತಸ್ತಂಭದ ಭಾರ ಸೇರಿ ಅಂಕೆ ಸುಮಾರು 8 ಮಿಲಿಮೀಟರು ಹೆಚ್ಚಾಗಿ ಕಾಣುತ್ತದೆ. ದಪ್ಪನೆಯ ತೋಳಿಗೆ ಕಿರಿದಾದ ಪಟ್ಟಿಯನ್ನು ಸುತ್ತಿದರೂ ಅಂಕೆ ಏರುತ್ತದೆ. ವೈದ್ಯನನ್ನು ಕಂಡ ಮಾತ್ರಕ್ಕೆ ಒತ್ತಡ ಏರುವವರೂ ಉಂಟು. ಇನ್ನು ವೈದ್ಯನ ಕಣ್ಣಿನ ದೋಷ ಬೇರೆ. ಎರಡೆರಡು ಮಿಲಿಮೀಟರಿಗೆ ಗೆರೆಯಿರುವ ಮಾಪಕದಲ್ಲಿ ಐದರಲ್ಲೊಂದು ಅಳತೆ ಮಾತ್ರ ಸೊನ್ನೆಯಲ್ಲಿ ಮುಗಿಯಬೇಕು. ವೈದ್ಯರ ದಾಖಲೆಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಸೊನ್ನೆಗಳಿರುತ್ತವೆ. ಮನಸ್ಸು ದುಂಡಾದ ಸಂಖ್ಯೆಯ ಕಡೆಗೆ ವಾಲುತ್ತದೆ. ಈ ವಾಲಿಕೆಯನ್ನು ತಪ್ಪಿಸುವುದಕ್ಕಾಗಿ ಲಂಡನ್ನಿನ ಜೆಫ್ರಿ ರೋಸ್ ಮತ್ತು ಸಂಗಡಿಗರು 1964ರಲ್ಲಿ, ಅಳೆಯುವಾಗ ಅಂಕೆಯೇ ಕಣ್ಣಿಗೆ ಬೀಳದಂತೆ ಮರೆಮಾಡುವ ಉಪಕರಣವೊಂದನ್ನು ರೂಪಿಸಬೇಕಾಯಿತು.

ಗೆರೆ ಎಲ್ಲಿ?

ಅಳತೆ ಸರಿಯಾಗಿದೆಯೆಂದೇ ಇಟ್ಟುಕೊಳ್ಳೋಣ. ಎಷ್ಟಾದರೆ ರೋಗ? 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ಪ್ರಸಿದ್ಧ ವೈದ್ಯರಿಗೆ ಈ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. ಅಧಿಕ ರಕ್ತದೊತ್ತಡವುಳ್ಳವರು ಉಳಿದವರಿಂದ ಬೇರೆಯಾದ ಒಂದು ಗುಂಪು, ಅದು ಆನುವಂಶಿಕವಾಗಿ ಬರುವ ಪ್ರತ್ಯೇಕ ರೋಗ ಎಂದು ರಾಬರ್ಟ್ ಪ್ಲಾಟ್ ವಾದಿಸಿದನು. ಅಂಥ ಗುಂಪೇ ಇಲ್ಲ. ಜನರ ಎತ್ತರದಂತೆಯೇ ರಕ್ತದೊತ್ತಡವೂ ತಗ್ಗಿನಿಂದ ಎತ್ತರದವರೆಗೆ ಎಲ್ಲಿಯೂ ಕಡಿಯದೆ ಹರಡಿಕೊಂಡಿದೆ ಎಂದು ಜಾರ್ಜ್ ಪಿಕರಿಂಗ್ ಹೇಳಿದನು. ಮುಂದಿನ ಸಂಶೋಧನೆಗಳು ಪಿಕರಿಂಗನ ಪಕ್ಷವನ್ನೇ ಎತ್ತಿಹಿಡಿದವು. 61 ಅಧ್ಯಯನಗಳ ಸುಮಾರು 10 ಲಕ್ಷ ಜನರ ವಿವರಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, 40ರಿಂದ 69 ವಯಸ್ಸಿನವರಲ್ಲಿ ಮೇಲಿನ ಅಂಕೆ 20 ಮಿಲಿಮೀಟರು ಏರಿದಾಗಲೆಲ್ಲ ಪಾರ್ಶ್ವವಾಯುವಿನಿಂದ ಸಾಯುವ ಸಂಭವ ಎರಡು ಪಟ್ಟಿಗೂ ಮೀರುತ್ತದೆ. ಇದು 115ರಷ್ಟು ತಗ್ಗಿನ ಮಟ್ಟದಿಂದಲೇ ಆರಂಭವಾಗುತ್ತದೆ.

ಎಂದಮೇಲೆ ಆರೋಗ್ಯಕ್ಕೂ ರೋಗಕ್ಕೂ ನಡುವಣ ಗೆರೆಯನ್ನು ಪ್ರಕೃತಿ ಎಳೆದಿಲ್ಲ, ಮನುಷ್ಯ ಎಳೆದುಕೊಂಡಿದ್ದಾನೆ. ವೈದ್ಯನ ಕೊಠಡಿಯಲ್ಲಿ 140/90 ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ. ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು 2017ರಲ್ಲಿ ಅದನ್ನು 130/80ಕ್ಕೆ ಇಳಿಸಿದವು. ಒಂದು ರಾತ್ರಿ ಆರೋಗ್ಯವಂತರಾಗಿ ಮಲಗಿದ ಕೋಟ್ಯಂತರ ಜನ ಬೆಳಗಾಗುವಷ್ಟರಲ್ಲಿ ರೋಗಿಗಳ ಪಟ್ಟಿಗೆ ಸೇರಿದರು. ಅವರ ರಕ್ತನಾಳಗಳಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಆದುದರಿಂದ ಗೆರೆಯನ್ನು ಎಳೆಯುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಗೆರೆಯ ಮೇಲಿರುವವರಿಗೆ ಔಷಧ ಕೊಟ್ಟರೆ ಅವರಿಗೆ ಒಳಿತಾಗುತ್ತದೆಯೆ? ಎಷ್ಟು ಒಳಿತಾಗುತ್ತದೆ?

ಔಷಧದ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ನಾಟಿವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಸರ್ಪಗಂಧದ ಬೇರನ್ನು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅದರಿಂದಾದ ಪರಿಣಾಮವನ್ನು ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಸಾರವಾದ ರಿಸರ್ಪಿನನ್ನು ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು 1952ರಲ್ಲಿ ಬೇರ್ಪಡಿಸಿದರು. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನಡೆಸಿದ ಪ್ರಸಿದ್ಧ ಪರೀಕ್ಷೆಯಲ್ಲಿ ಬಳಸಿದ ಮೂರು ಔಷಧಗಳಲ್ಲಿ ಈ ರಿಸರ್ಪಿನೂ ಒಂದು. ಅಲ್ಲಿ ಕೆಳಗಿನ ಅಂಕೆ 115ರಿಂದ 129ರವರೆಗೆ ಇದ್ದ 143 ಜನರನ್ನು, ಚೀಟಿ ಎತ್ತಿದಂತೆ, ಎರಡು ಗುಂಪಾಗಿ ವಿಂಗಡಿಸಿದರು. 73 ಜನರಿಗೆ ನಿಜವಾದ ಔಷಧ. 70 ಜನರಿಗೆ ನೋಡಲು ಅದರಂತೆಯೇ ಇದ್ದ, ಔಷಧವಿಲ್ಲದ ಹುಸಿಗುಳಿಗೆ. 1967ರಲ್ಲಿ ಫಲಿತಾಂಶ ಹೊರಬಂದಿತು. ಸುಮಾರು ಒಂದೂವರೆ ವರ್ಷದಲ್ಲಿ ಹುಸಿಗುಳಿಗೆಯವರಲ್ಲಿ 27 ಜನರಿಗೆ ಘೋರ ವಿಪತ್ತುಗಳು ಒದಗಿದ್ದವು. ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಎಂದರೆ ಮೂರು ಜನಕ್ಕೆ ಔಷಧ ಕೊಟ್ಟರೆ ಒಬ್ಬನು ವಿಪತ್ತಿನಿಂದ ಪಾರಾದಂತಾಯಿತು. ಒತ್ತಡ ಇಷ್ಟು ಏರಿದವರನ್ನು ಹುಡುಕದೆ ಬಿಡುವುದು ತಪ್ಪೆಂಬುದು ನಿಶ್ಚಯವಾಯಿತು.

ಕಲ್ಲಿದ್ದಲ ಕಣಿವೆಯ ವೈದ್ಯ

ಹುಡುಕುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಊರು ದಕ್ಷಿಣ ವೇಲ್ಸಿನ ಗ್ಲಿನ್‌ಕೊರುಗ್. ಬೆಟ್ಟಗಳ ನಡುವೆ, ಕಣಿವೆಯ ತುದಿಯಲ್ಲಿ, ಸುಮಾರು ಎರಡು ಸಾವಿರ ಜನರು ವಾಸಿಸುತ್ತಿದ್ದ ಕಲ್ಲಿದ್ದಲ ಗಣಿಯ ಹಳ್ಳಿ ಅದು. 1961ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯನು ಅಲ್ಲಿಗೆ ಬಂದು ನೆಲೆಸಿದನು. ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಯಲ್ಲಿದೆ. ಪ್ರತಿಯೊಬ್ಬನೂ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಯಲ್ಲಿ ಹೆಸರನ್ನು ಬರೆಯಿಸಿಕೊಳ್ಳುತ್ತಾನೆ. ವೈದ್ಯನನ್ನು ಕಾಣಲು ಹಣ ಕೊಡಬೇಕಾಗಿಲ್ಲ. ಈ ಪಟ್ಟಿಯ ಮಹತ್ತ್ವವನ್ನು ಹಾರ್ಟ್ ಚೆನ್ನಾಗಿ ಅರಿತಿದ್ದನು. ಆಸ್ಪತ್ರೆಯ ವೈದ್ಯನಿಗೆ ಬಂದ ರೋಗಿಗಳ ಸಂಖ್ಯೆ ಗೊತ್ತು, ಬಾರದವರ ಸಂಖ್ಯೆ ಗೊತ್ತಿಲ್ಲ. ಭಿನ್ನರಾಶಿಯ ಅಂಶವುಂಟು, ಛೇದವಿಲ್ಲ. ಹಳ್ಳಿಯ ವೈದ್ಯನ ಕೈಯಲ್ಲಿ ಎರಡೂ ಇವೆ.

ಅವನು ಕಂಡ ಇನ್ನೊಂದು ಸಂಗತಿ ಬಹಳ ಸರಳವಾದುದು. ಬ್ರಿಟನ್ನಿನಲ್ಲಿ ಪಟ್ಟಿಯಲ್ಲಿರುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಐದು ವರ್ಷಗಳಲ್ಲಿ ಒಮ್ಮೆಯಾದರೂ ಯಾವುದಾದರೊಂದು ಕಾರಣಕ್ಕೆ ವೈದ್ಯನ ಬಳಿಗೆ ಬಂದೇ ಬರುತ್ತಾರೆ. ಕೆಮ್ಮಿಗೆಂದು ಬಂದವನ, ಬೆನ್ನುನೋವಿಗೆಂದು ಬಂದವನ ತೋಳಿಗೆ ಪಟ್ಟಿ ಸುತ್ತಿ ಒಂದು ಅಳತೆ ತೆಗೆದುಕೊಂಡರೆ ಪ್ರತ್ಯೇಕವಾದ ಶಿಬಿರ ಯಾಕೆ? ಬಾರದೆ ಉಳಿದ ಕೆಲವರಿಗೆ ಮಾತ್ರ ಹೇಳಿಕಳುಹಿಸಬೇಕು. ಆಗಲೂ ಬಾರದಿದ್ದರೆ ಮನೆಗೇ ಹೋಗಬೇಕು. 1960ರ ದಶಕದ ಕೊನೆಯಲ್ಲಿ ಹಾರ್ಟ್ ಹೀಗೆ 20ರಿಂದ 64 ವಯಸ್ಸಿನ ಊರ ಜನರನ್ನೆಲ್ಲ ಅಳೆಯಲು ತೊಡಗಿ, ಆ ಕ್ರಮವನ್ನು 1970ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರ್ಣಿಸಿದನು. ಇಡೀ ಊರೊಂದರ ರಕ್ತದೊತ್ತಡವನ್ನು ಒಬ್ಬ ಸಾಮಾನ್ಯ ವೈದ್ಯನು ಹೀಗೆ ಅಳೆದುದು ಆ ಕಾಲಕ್ಕೆ ಹೊಸ ಮಾತು.

ಅಳತೆ ಕಥೆಯ ಆರಂಭ ಮಾತ್ರ. ಹಾರ್ಟ್ ಪ್ರಚಾರಕ್ಕೆ ತಂದ 'ಅರೆಪಾಲಿನ ನಿಯಮ'ವೆಂಬುದೊಂದಿದೆ. ಅಧಿಕ ಒತ್ತಡವುಳ್ಳವರಲ್ಲಿ ಅರ್ಧ ಜನರಿಗೆ ಅದು ಇದೆಯೆಂದೇ ತಿಳಿದಿಲ್ಲ. ತಿಳಿದವರಲ್ಲಿ ಅರ್ಧ ಜನ ಚಿಕಿತ್ಸೆ ಪಡೆಯುವುದಿಲ್ಲ. ಪಡೆಯುವವರಲ್ಲಿ ಅರ್ಧ ಜನರ ಒತ್ತಡ ಹದ್ದಿಗೆ ಬಂದಿರುವುದಿಲ್ಲ. ಊರಿನಲ್ಲಿ ಇಂಥವರು 800 ಇದ್ದರೆ, ಕೊನೆಗೆ ಚಿಕಿತ್ಸೆಯ ಪೂರ್ಣಫಲ ದೊರೆಯುವುದು 100 ಜನರಿಗೆ. ಜರಡಿ ಹಿಡಿದು ಮೊದಲನೆಯ ಅರ್ಧವನ್ನು ಪೂರ್ತಿಮಾಡಿದರೂ ಉಳಿದೆರಡು ಅರ್ಧಗಳು ಹಾಗೆಯೇ ಇದ್ದರೆ ಆ ನೂರು ಇನ್ನೂರಾದೀತು, ಅಷ್ಟೆ. ಹಾರ್ಟ್ ತನ್ನ ಆಯುಷ್ಯದ ಬಹುಭಾಗವನ್ನು ಈ ಉಳಿದೆರಡು ಅರ್ಧಗಳಿಗೆ ಕೊಟ್ಟನು. ಕಂಡುಹಿಡಿದವರನ್ನು ಮತ್ತೆ ಮತ್ತೆ ಕರೆಯಿಸಿಕೊಳ್ಳುವುದು, ಔಷಧ ಹಿಡಿಸದಿದ್ದರೆ ಬದಲಾಯಿಸುವುದು, ಹೊಗೆಬತ್ತಿ ಬಿಡಿಸುವುದು, ವರ್ಷವರ್ಷವೂ ತನ್ನ ಕೆಲಸವನ್ನು ತಾನೇ ಲೆಕ್ಕ ಹಾಕಿ ನೋಡಿಕೊಳ್ಳುವುದು, ಇವೇ ಅವನ ನಿತ್ಯಕರ್ಮಗಳಾದವು.

ಕಾಲು ಶತಮಾನದ ಈ ಲೆಕ್ಕ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಅಚ್ಚಾಯಿತು. ಅಧಿಕ ಒತ್ತಡದವರೆಂದು ಗುರುತಿಸಿದವರ ಸರಾಸರಿ ಒತ್ತಡ 186/110ರಿಂದ 146/84ಕ್ಕೆ ಇಳಿದಿತ್ತು. 65 ವಯಸ್ಸಿನೊಳಗಿನವರ ಮರಣಪ್ರಮಾಣ, ಅಂಥದೇ ಬಡತನದ ನೆರೆಯ ಹಳ್ಳಿಯೊಂದಕ್ಕಿಂತ ಸುಮಾರು ಶೇಕಡ 28ರಷ್ಟು ಕಡಮೆಯಾಗಿತ್ತು. ಇಲ್ಲಿ ವಿಜ್ಞಾನಿಯು ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಎರಡು ಸಣ್ಣ ಹಳ್ಳಿಗಳನ್ನು ಹೋಲಿಸಿದ ಮಾತ್ರಕ್ಕೆ, ವ್ಯತ್ಯಾಸವೆಲ್ಲ ವೈದ್ಯನಿಂದಲೇ ಆಯಿತೆಂದು ಸಿದ್ಧಪಡಿಸಿದಂತಾಗುವುದಿಲ್ಲ. ಇದಲ್ಲದೆ, ಮೊದಲ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತವರಲ್ಲಿ ಆ ದಿನ ಆಕಸ್ಮಿಕವಾಗಿ ಒತ್ತಡ ಏರಿದ್ದವರೂ ಸೇರಿರುತ್ತಾರೆ. ಅವರನ್ನು ಮತ್ತೆ ಅಳೆದರೆ ಔಷಧವಿಲ್ಲದೆಯೂ ಅಂಕೆ ಸ್ವಲ್ಪ ಇಳಿಯುತ್ತದೆ. ಇಷ್ಟನ್ನು ಕಳೆದರೂ ಉಳಿಯುವ ಸಾಧನೆ ದೊಡ್ಡದೇ.

ಇದೇ ಹಾರ್ಟ್ 1971ರಲ್ಲಿ ಬರೆದ ಇನ್ನೊಂದು ಲೇಖನ ಲೋಕಪ್ರಸಿದ್ಧವಾಯಿತು. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂದು ನಾವು ಪಾಠ ಹೇಳುತ್ತೇವೆ. ಒಳ್ಳೆಯ ವೈದ್ಯಸೇವೆಯೂ ಹಾಗೆಯೇ, ಅಗತ್ಯ ಹೆಚ್ಚಿದಷ್ಟೂ ಕಡಮೆಯಾಗಿ ದೊರೆಯುತ್ತದೆ ಎಂದು ತೋರಿಸಿ, ಅವನು ಅದಕ್ಕೆ 'ವಿಲೋಮ ಆರೈಕೆಯ ನಿಯಮ' ಎಂದು ಹೆಸರಿಟ್ಟನು. ಗಣಿಗಾರರ ಹಳ್ಳಿಯಲ್ಲಿ ಅವನು ಮಾಡಿದ ಕೆಲಸ ಆ ನಿಯಮವನ್ನು ಮುರಿಯುವ ಪ್ರಯತ್ನವೇ ಆಗಿದ್ದಿತು.

ಅಗಲವಾದ ಬಲೆ

ಒಂದನ್ನು ಅಳೆದರೆ ಇಷ್ಟು ಲಾಭವಿದ್ದರೆ, ಎಲ್ಲವನ್ನೂ ಅಳೆದರೆ ಇನ್ನೆಷ್ಟು ಲಾಭವಾದೀತು ಎಂದು ಯಾರಿಗಾದರೂ ತೋರುವುದು ಸಹಜ. ಇದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. ಆಗ್ನೇಯ ಲಂಡನ್ನಿನ ಎರಡು ದೊಡ್ಡ ವೈದ್ಯಶಾಲೆಗಳ ಪಟ್ಟಿಯಲ್ಲಿದ್ದ, 40ರಿಂದ 64 ವಯಸ್ಸಿನ ಏಳು ಸಾವಿರಕ್ಕೂ ಹೆಚ್ಚು ಜನರನ್ನು 1967ರಲ್ಲಿ ಆರಂಭವಾದ ಅಧ್ಯಯನವೊಂದು ಎರಡು ಗುಂಪಾಗಿ ವಿಂಗಡಿಸಿತು. ಒಂದು ಗುಂಪಿನವರಿಗೆ ಎರಡು ವರ್ಷಗಳ ಅಂತರದಲ್ಲಿ ಎರಡು ಸಲ ನಾನಾ ಬಗೆಯ ತಪಾಸಣೆಗಳು. ಮತ್ತೊಂದು ಗುಂಪಿನವರಿಗೆ ಎಂದಿನ ವೈದ್ಯಸೇವೆ ಮಾತ್ರ. ಒಂಬತ್ತು ವರ್ಷಗಳ ಅನಂತರ ನೋಡಿದರೆ ಎರಡು ಗುಂಪುಗಳ ಮರಣಪ್ರಮಾಣದಲ್ಲಿ ಗಣನೆಗೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಅಗಲವಾದ ಬಲೆಯಲ್ಲಿ ಮೀನು ಬಹಳ ಸಿಕ್ಕಿದವು. ಅಡಿಗೆಗೆ ಬಂದುದು ಸ್ವಲ್ಪ.

ಕಾರಣ ಅಷ್ಟು ಗೂಢವಲ್ಲ. ವಿಲ್ಸನ್ ಮತ್ತು ಯುಂಗ್ನರ್ ಎಂಬವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ಜರಡಿ ತಪಾಸಣೆಗೆ ಹತ್ತು ಸೂತ್ರಗಳನ್ನು ಬರೆದುಕೊಟ್ಟರು. ರೋಗ ಮಹತ್ತ್ವದ್ದಾಗಿರಬೇಕು, ಲಕ್ಷಣ ತೋರುವ ಮುನ್ನ ಅದನ್ನು ಗುರುತಿಸಲು ಸಾಧ್ಯವಾಗಬೇಕು, ಗುರುತಿಸಿದ ಮೇಲೆ ಒಪ್ಪಿತವಾದ ಚಿಕಿತ್ಸೆ ಇರಬೇಕು, ಯಾರಿಗೆ ಚಿಕಿತ್ಸೆ ಎಂಬುದು ನಿಶ್ಚಿತವಾಗಿರಬೇಕು, ಕೆಲಸ ಒಂದೇ ಸಲಕ್ಕೆ ಮುಗಿಯದೆ ಮುಂದುವರಿಯಬೇಕು. ಅಧಿಕ ರಕ್ತದೊತ್ತಡ ಈ ಸೂತ್ರಗಳಿಗೆ ಹೊಂದಿಕೊಳ್ಳುತ್ತದೆ. ಅಳೆಯಲು ಬಂದ ಮಾತ್ರಕ್ಕೆ ಅಳೆಯುವ ಎಷ್ಟೋ ವಿಷಯಗಳು ಹೊಂದಿಕೊಳ್ಳುವುದಿಲ್ಲ.

ಎಂಟುನೂರೈವತ್ತಕ್ಕೆ ಒಬ್ಬ

ಅತ್ಯಧಿಕ ಒತ್ತಡದವರ ಮಾತು ತೀರ್ಮಾನವಾಯಿತು. ಆದರೆ ಗೆರೆಯನ್ನು ಈಗ ತಾನೇ ದಾಟಿದವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅವರಿಗೂ ಔಷಧ ಬೇಕೆ? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಇದನ್ನು ತಿಳಿಯಲು ಸಾಮಾನ್ಯ ವೈದ್ಯರ ಸಹಾಯವನ್ನೇ ಕೋರಿತು. ಸುಮಾರು 5 ಲಕ್ಷ ಜನರನ್ನು ಜರಡಿ ಹಿಡಿದು, ಕೆಳಗಿನ ಅಂಕೆ 90ರಿಂದ 109ರವರೆಗೆ ಇದ್ದ, 35ರಿಂದ 64 ವಯಸ್ಸಿನ 17,354 ಜನರನ್ನು ಆರಿಸಿದರು. ಕೆಲವರಿಗೆ ಬೆಂಡ್ರೊಫ್ಲುವಜೈಡ್ ಎಂಬ ಮೂತ್ರವರ್ಧಕ, ಕೆಲವರಿಗೆ ಪ್ರೊಪ್ರನೊಲಾಲ್, ಉಳಿದ ಅರ್ಧ ಜನರಿಗೆ ಹುಸಿಗುಳಿಗೆ.

1985ರಲ್ಲಿ ಬಂದ ಫಲಿತಾಂಶವನ್ನು ಎರಡು ರೀತಿಯಲ್ಲಿ ಹೇಳಬಹುದು. ಔಷಧ ಪಡೆದವರಲ್ಲಿ 60 ಜನರಿಗೆ ಪಾರ್ಶ್ವವಾಯು ತಗುಲಿತು, ಪಡೆಯದವರಲ್ಲಿ 109 ಜನರಿಗೆ. ಎಂದರೆ ಔಷಧವು ಪಾರ್ಶ್ವವಾಯುವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸಿತು. ಇದು ಮೊದಲನೆಯ ರೀತಿ. ಎರಡನೆಯದು ಇದು: ವರ್ಷಕ್ಕೆ ಸಾವಿರ ಜನರಲ್ಲಿ 2.6ರಷ್ಟಿದ್ದ ಪಾರ್ಶ್ವವಾಯು 1.4ಕ್ಕೆ ಇಳಿಯಿತು, ಎಂದರೆ 850 ಜನರು ಒಂದು ವರ್ಷ ಔಷಧ ನುಂಗಿದರೆ ಅವರಲ್ಲಿ ಒಬ್ಬನು ಪಾರ್ಶ್ವವಾಯುವಿನಿಂದ ಪಾರಾಗುತ್ತಾನೆ. ಎರಡೂ ನಿಜ, ಎರಡೂ ಒಂದೇ ಸಂಗತಿ. ಆದರೆ ಮೊದಲನೆಯದನ್ನು ಕೇಳಿದವನು ಔಷಧದಂಗಡಿಗೆ ಓಡುತ್ತಾನೆ. ಎರಡನೆಯದನ್ನು ಕೇಳಿದವನು ಕುಳಿತು ಯೋಚಿಸುತ್ತಾನೆ. ಒಟ್ಟು ಸಾವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ: ಒಂದು ಕಡೆ 248, ಇನ್ನೊಂದು ಕಡೆ 253. ಹುಸಿಗುಳಿಗೆ ತೆಗೆದುಕೊಂಡವರಲ್ಲಿಯೂ ಶೇಕಡ 95ಕ್ಕಿಂತ ಹೆಚ್ಚು ಜನರಿಗೆ ಪರೀಕ್ಷೆ ಮುಗಿಯುವವರೆಗೆ ಹೃದಯದ ಅಥವಾ ರಕ್ತನಾಳಗಳ ಯಾವ ವಿಪತ್ತೂ ಒದಗಲಿಲ್ಲ. ಔಷಧ ಪಡೆದವರಲ್ಲಿ ಹಲವರು ಅದರ ಅಡ್ಡಪರಿಣಾಮಗಳಿಂದ ತೊಂದರೆಪಟ್ಟರು.

ಮೂವರಲ್ಲಿ ಒಬ್ಬನಿಗೆ ಫಲವಿತ್ತ ಚಿಕಿತ್ಸೆ, ಇಲ್ಲಿ 850 ಜನರಲ್ಲಿ ಒಬ್ಬನಿಗೆ ಫಲ ಕೊಟ್ಟಿತು. ಔಷಧ ಬಲಹೀನವಾಯಿತೆಂದು ಇದರ ಅರ್ಥವಲ್ಲ. ತಪ್ಪಿಸಬೇಕಾದ ವಿಪತ್ತೇ ವಿರಳವಾಯಿತು. ಆದುದರಿಂದಲೇ ಈಗಿನ ವೈದ್ಯರು ಒಂದು ಅಂಕೆಯನ್ನು ಮಾತ್ರ ನೋಡದೆ, ವಯಸ್ಸು, ಹೊಗೆಬತ್ತಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಲ್ಲವನ್ನೂ ಸೇರಿಸಿ ವಿಪತ್ತಿನ ಸಂಭವವನ್ನು ತೂಗುತ್ತಾರೆ. ಒಂದೇ ಒತ್ತಡವುಳ್ಳ ಇಬ್ಬರಲ್ಲಿ, ಸಂಭವ ಹೆಚ್ಚಿರುವವನಿಗೆ ಅದೇ ಗುಳಿಗೆ ಹೆಚ್ಚಿನ ಉಪಕಾರ ಮಾಡುತ್ತದೆ. ಮುದುಕರ ವಿಷಯವೇ ಇದಕ್ಕೆ ನಿದರ್ಶನ. ಅಮೆರಿಕದಲ್ಲಿ 60 ವಯಸ್ಸು ಮೀರಿದ, ಮೇಲಿನ ಅಂಕೆ ಮಾತ್ರ ಏರಿದ್ದ 4,736 ಜನರಲ್ಲಿ ನಡೆದ ಪರೀಕ್ಷೆಯ ಫಲ 1991ರಲ್ಲಿ ಹೊರಬಂದಾಗ, ಔಷಧವು ಪಾರ್ಶ್ವವಾಯುವನ್ನು ಶೇಕಡ 36ರಷ್ಟು ತಗ್ಗಿಸಿತ್ತು. ಪಾಲು ಕಡಮೆಯಾದರೂ ಆ ವಯಸ್ಸಿನಲ್ಲಿ ವಿಪತ್ತು ಹೆಚ್ಚಾದುದರಿಂದ ಉಳಿದ ಜೀವಗಳ ಲೆಕ್ಕ ದೊಡ್ಡದು.

ಅಂಕೆಯೂ ಒಂದು ಔಷಧವೇ

ತಪಾಸಣೆಯಿಂದ ಲಾಭವಾಗದಿದ್ದರೂ ನಷ್ಟವೇನು ಎಂದು ಕೇಳುವವರುಂಟು. ಕೆನಡದ ಹ್ಯಾಮಿಲ್ಟನ್ ನಗರದ ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ನಡೆದು 1978ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ. ನಿಮಗೆ ರಕ್ತದೊತ್ತಡ ಹೆಚ್ಚಾಗಿದೆ ಎಂದು ತಿಳಿಸಿದ ಅನಂತರದ ವರ್ಷದಲ್ಲಿ ಅವರ ಗೈರುಹಾಜರಿ ಶೇಕಡ 80ರಷ್ಟು ಏರಿತು. ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವನು ಒಂದು ಅಂಕೆಯನ್ನು ಕೇಳಿ ತನ್ನನ್ನು ರೋಗಿಯೆಂದು ಭಾವಿಸಿದನು. ವೈದ್ಯನ ಬಾಯಿಂದ ಬಂದ ಅಂಕೆಗೂ ಔಷಧದಂತೆಯೇ ಗುಣವುಂಟು, ದೋಷವುಂಟು. ಅದನ್ನೂ ಪ್ರಮಾಣವರಿತು ಕೊಡಬೇಕು.

ನಮ್ಮ ಊರುಗಳಲ್ಲಿಯೂ ಉಚಿತ ಬಿ.ಪಿ. ತಪಾಸಣೆಯ ಶಿಬಿರಗಳು ನಡೆಯುತ್ತವೆ. ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿಬಂದ ಏದುಸಿರಿನಲ್ಲಿಯೇ ತೋಳು ಚಾಚಿ, ಚೀಟಿಯ ಮೇಲೆ ಬರೆದುಕೊಟ್ಟ ಅಂಕೆಯನ್ನು ಜೇಬಿಗಿಟ್ಟುಕೊಂಡು ಮನೆಗೆ ಬರುವವರು ಇಷ್ಟನ್ನು ನೆನಪಿನಲ್ಲಿಡಬೇಕು. ಅಂಕೆ ಹೆಚ್ಚಾಗಿದ್ದರೆ ಭಯಪಡಬಾರದು, ಉದಾಸೀನವನ್ನೂ ಮಾಡಬಾರದು. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಬೇರೆ ಬೇರೆ ದಿನಗಳಲ್ಲಿ ಮತ್ತೆ ಅಳೆಯಿಸಬೇಕು. ಬ್ರಿಟನ್ನಿನಲ್ಲಿ 2011ರಿಂದ ವೈದ್ಯನ ಕೊಠಡಿಯ ಅಂಕೆಯನ್ನು, ದಿನವಿಡೀ ತೋಳಿನಲ್ಲಿದ್ದು ಅಳೆಯುವ ಯಂತ್ರದಿಂದಲೋ ಮನೆಯ ಅಳತೆಗಳಿಂದಲೋ ಖಚಿತಪಡಿಸಿಕೊಂಡೇ ರೋಗವೆಂದು ಹೇಳಬೇಕೆಂಬ ಸೂಚನೆ ಜಾರಿಯಲ್ಲಿದೆ. ಅಂಕೆ ನಿಜವಾಗಿಯೂ ಹೆಚ್ಚೆಂದು ತಿಳಿದ ಮೇಲೆ, ಒಬ್ಬ ವೈದ್ಯನನ್ನು ಗೊತ್ತುಮಾಡಿಕೊಂಡು ಅವನಲ್ಲಿಗೇ ಹೋಗುತ್ತಿರಬೇಕು. ಈ ಔಷಧದಿಂದ ನನ್ನಂಥ ಎಷ್ಟು ಜನರಲ್ಲಿ ಒಬ್ಬನಿಗೆ ಉಪಕಾರವಾಗುತ್ತದೆ ಎಂದು ಅವನನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹಾಗೆಯೇ, ಆರಂಭಿಸಿದ ಔಷಧವನ್ನು ಚೆನ್ನಾಗಿದ್ದೇನೆಂದು ತಾನಾಗಿಯೇ ಬಿಡಲೂಬಾರದು.

ಹಾರ್ಟ್ 2018ರಲ್ಲಿ ತೀರಿಕೊಂಡನು. ಅವನು ಕೆಲಸಮಾಡಿದ ಊರಿನ ಗಣಿ 1970ರಲ್ಲಿಯೇ ಮುಚ್ಚಿಹೋಗಿತ್ತು. ಅವನ ಬಳಿ ದೊಡ್ಡ ಯಂತ್ರಗಳಿರಲಿಲ್ಲ. ಒಂದು ಪಾದರಸದ ಕಂಬ, ಊರವರ ಹೆಸರುಗಳ ಪಟ್ಟಿ ಮತ್ತು ಕಂಡವರನ್ನು ಕೈಬಿಡಬಾರದೆಂಬ ಹಟ ಇದ್ದವು. ಕಂಬದಿಂದ ಅಂಕೆ ಒಂದು ನಿಮಿಷದಲ್ಲಿ ದೊರೆಯಿತು. ಆ ಅಂಕೆಯನ್ನು ಆಯುಷ್ಯವನ್ನಾಗಿ ಮಾರ್ಪಡಿಸಲು ಇಪ್ಪತ್ತೈದು ವರ್ಷ ಬೇಕಾಯಿತು.